'ಸತಿ ಸುಲೋಚನ' ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು: ನಾಟಕದವರೋ, ಸಿನಿಮಾದವರೋ?

ಬಿಸಿಲೂರಿನವಳು (ಕಲಬುರಗಿ)
ಎಲ್ಲರಿಗೂ ಶರಣು.

ನಮ್ಮ ಓಣಿಯ ಹವ್ಯಾಸಿ ನಾಟಕ ತಂಡ ಮಾರ್ಚ್ 3ಕ್ಕೆ ಒಂದು ಸಣ್ಣ ಕಾರ್ಯಕ್ರಮ ಇಟ್ಟುಕೊಂಡಿದೆ. 1934ರಲ್ಲಿ ಅದೇ ದಿನ ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' ತೆರೆಗೆ ಬಂತು. ಪ್ರತಿ ಸಲ ಅದರಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರ ಹೆಸರು ಹೇಳಿ ಮುಗಿಸುತ್ತಾರೆ. ಆ ಚಿತ್ರದ ಮಾತು, ಹಾಡು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಈ ಸಲ ಅವರ ಬಗ್ಗೆ ಹತ್ತು ನಿಮಿಷ ನಾನು ಮಾತಾಡುತ್ತೇನೆ ಎಂದು ಒಪ್ಪಿಕೊಂಡೆ.

ಒಪ್ಪಿಕೊಂಡ ಮೇಲೆ ಗೊತ್ತಾಯಿತು, ತೋರಿಸಲಿಕ್ಕೆ ಕೈಯಲ್ಲಿ ಏನೂ ಇಲ್ಲ. ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಕಾಣದ ಸಿನಿಮಾದ ಬರಹಗಾರನನ್ನು ಜನರ ಮುಂದೆ ಹೇಗೆ ನಿಲ್ಲಿಸುವುದು? ಅವರನ್ನು ನಾಟಕಕಾರ ಅನ್ನಬೇಕೋ, ಚಿತ್ರಸಾಹಿತಿ ಅನ್ನಬೇಕೋ? ತಂಡದಲ್ಲಿ ಇದರ ಮೇಲೇ ಎರಡು ದಿನ ಜಗಳ ನಡೆದಿದೆ.

ಇನ್ನೊಂದು ವಿಷಯ. ನಮ್ಮ ಮುತ್ಯಾ ಚಿತ್ತಾಪುರ ಸೀಮೆಯ ಊರುಗಳಲ್ಲಿ ಪೇಟಿ (ಹಾರ್ಮೋನಿಯಂ) ಮಾಸ್ತರ ಆಗಿದ್ದರು. ಅವರ ಒಂದು ಹಳೆಯ ನೋಟುಬುಕ್ಕು ಮನೆಯಲ್ಲಿದೆ. ರಟ್ಟಿನ ಮೇಲೆ 'ಸದಾರಮಾ' ಎಂದು ಬರೆದಿದೆ. ಒಳಗೆ ಹಾಡುಗಳು ಕನ್ನಡದಲ್ಲೇ ಇವೆ. ಆದರೆ ಪ್ರತಿ ಹಾಡಿನ ಸಾಲುಗಳ ನಡುನಡುವೆ ಪೆನ್ಸಿಲ್ಲಿನಲ್ಲಿ ಒಂದೇ ಥರದ ಪುಟ್ಟ ಗುರುತು ಇದೆ. ಬಾಗಿದ ಒಂದು ಕೊಂಡಿ, ಅದರ ಎಡಕ್ಕೆ ಒಂದು ಸಣ್ಣ ಗುಂಡು, ಗುಂಡಿನಿಂದ ಕೆಳಕ್ಕೆ ಇಳಿದ ಗೆರೆ. ತಾಳದ ಗುರುತು ಇರಬಹುದು ಅಂದುಕೊಂಡಿದ್ದೇನೆ. ತಿಳಿದವರು ಹೇಳಿ.

ಶಹಾಬಾದಿ ಕಲ್ಲು
ಒಳ್ಳೆಯ ಕೆಲಸ ಅಕ್ಕಾ. ಬರೆದವರನ್ನು ಯಾರೂ ನೆನೆಯುವುದಿಲ್ಲ.

ಕ್ಯಾಮೆರಾ ಕಣ್ಣು (ಕಲಬುರಗಿ)
ಸ್ವಲ್ಪ ಖಾರವಾಗಿ ಹೇಳುತ್ತೇನೆ, ಸಿಟ್ಟಾಗಬೇಡಿ. ಅವರನ್ನು ಚಿತ್ರಸಾಹಿತಿ ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಆ ಕಾಲದ ಸಿನಿಮಾ ಅಂದರೆ ಕ್ಯಾಮೆರಾ ಮುಂದೆ ಆಡಿದ ಕಂಪನಿ ನಾಟಕ. ಅದೇ ನಟರು, ಅದೇ ಹಾಡು, ಅದೇ ಪೌರಾಣಿಕ ಕತೆ. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಇಬ್ಬರೂ ನಾಟಕ ಮಂಡಳಿ ನಡೆಸಿದವರೇ ಅಲ್ವಾ? ಚಿತ್ರಕಥೆ ಅನ್ನುವುದು ಬೇರೆ ವಿದ್ಯೆ. ಯಾವ ಹೊತ್ತಿಗೆ ಮುಖ ಹತ್ತಿರದಿಂದ ತೋರಿಸಬೇಕು, ಎಲ್ಲಿ ಮಾತು ಬೇಡ, ಇದನ್ನೆಲ್ಲ ಬರೆಯುವುದು. ನಾಟಕದ ಮಾತು ಬರೆದುಕೊಟ್ಟರೆ ಅದು ನಾಟಕವೇ.

ಬಿದ್ರಿ ಹೂಜಿ (ಬೀದರ್)
@ಕ್ಯಾಮೆರಾ ಕಣ್ಣು ನೋಡದ ಚಿತ್ರದ ಬಗ್ಗೆ ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ? ಪ್ರತಿಯೇ ಇಲ್ಲ ಎಂದು ಅಕ್ಕ ಮೊದಲೇ ಬರೆದಿದ್ದಾರೆ. ಕ್ಯಾಮೆರಾ ಅಲ್ಲಾಡಲಿಲ್ಲ ಅಂತ ನೀವು ಕಂಡಿದ್ದೀರಾ?

ಕ್ಯಾಮೆರಾ ಕಣ್ಣು
ಕಂಡಿಲ್ಲ. ಆದರೆ ಆ ವರ್ಷಗಳ ಹಿಂದಿ, ತಮಿಳು ಚಿತ್ರಗಳಲ್ಲಿ ಉಳಿದಿರುವ ಕೆಲವನ್ನು ನೋಡಿದ್ದೇನೆ. ಅದರ ಮೇಲಿಂದ ಹೇಳಿದೆ.

ತೊಗರಿ ಕಣಜ
ಮೊದಲ ಚಿತ್ರ 'ಭಕ್ತ ಧ್ರುವ' ಅಲ್ಲವೇ? ಎಲ್ಲೋ ಓದಿದ ನೆನಪು.

ಬಿದ್ರಿ ಹೂಜಿ
ಚಿತ್ರೀಕರಣ ಮೊದಲು ಶುರು ಮಾಡಿದ್ದು 'ಭಕ್ತ ಧ್ರುವ'. ತೆರೆಗೆ ಮೊದಲು ಬಂದದ್ದು 'ಸತಿ ಸುಲೋಚನ'. ಅದಕ್ಕೇ ಮಾರ್ಚ್ 3 ಲೆಕ್ಕ. ಧ್ರುವದ ಹಿಂದೆ ಇದ್ದದ್ದೂ ನಾಟಕ ಕಂಪನಿಯೇ, ವರದಾಚಾರ್ಯರ ಹೆಸರಿನ ಜೊತೆ ಕೇಳುತ್ತೇವಲ್ಲ, ಆ ರತ್ನಾವಳಿ ಕಂಪನಿ.

ಕಾಗಿಣಾ ದಂಡೆ (ಸೇಡಂ ಕಡೆ)
ಶಾಸ್ತ್ರಿಗಳ ದಾರಿ ಒಮ್ಮೆ ನೆಟ್ಟಗೆ ನೋಡೋಣ. ಆಮೇಲೆ ಹೆಸರಿನ ಜಗಳ.

ತುಮಕೂರು ಹತ್ತಿರದ ಬೆಳ್ಳಾವೆ ಅವರ ಊರು. ಹುಟ್ಟಿದ್ದು 1882. ಗುಬ್ಬಿಯೂ ಅದೇ ಸೀಮೆ. ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಆಡಿದ 'ಸದಾರಮೆ' ಇವರ ನಾಟಕ. ಅಕ್ಕನ ನೋಟುಬುಕ್ಕಿನ ರಟ್ಟಿನ ಮೇಲಿರುವುದೂ ಅದೇ ಹೆಸರು. 'ಸತಿ ಸುಲೋಚನ' ಬರೆಯುವಾಗ ಶಾಸ್ತ್ರಿಗಳಿಗೆ ಐವತ್ತು ದಾಟಿತ್ತು. ಇದನ್ನು ಸ್ವಲ್ಪ ಯೋಚಿಸಿ. ಕಂಪನಿ ನಾಟಕದ ಬರಹಗಾರ, ವಯಸ್ಸು ಐವತ್ತರ ಮೇಲೆ. ಬೆಂಗಳೂರಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಚಮನ್‌ಲಾಲ್ ಡುಂಗಾಜಿ ಕನ್ನಡದಲ್ಲಿ ಟಾಕಿ ಮಾಡುತ್ತೇನೆ ಎಂದು ಹೊರಟರು. ಕನ್ನಡದಲ್ಲಿ ಹಿಂದೆ ಯಾರೂ ಮಾಡಿ ತೋರಿಸಿರಲಿಲ್ಲ. ಹೇಗೆ ಬರೆಯಬೇಕು ಎಂದು ಕೇಳಲು ಒಬ್ಬ ಹಿರಿಯನೂ ಇರಲಿಲ್ಲ. ಆ ವಯಸ್ಸಿನಲ್ಲಿ ಇವರು ಬರೆದುಕೊಟ್ಟರು. ವೈ.ವಿ. ರಾವ್ ನಿರ್ದೇಶನ. ಸುಮಾರು 40,000 ರೂಪಾಯಿ ಖರ್ಚು, ಎರಡು ತಿಂಗಳಲ್ಲಿ ಚಿತ್ರ ಮುಗಿಯಿತು.

ಮರು ವರ್ಷವೇ, 1935ರಲ್ಲಿ, ಅವರ 'ಸದಾರಮೆ'ಯೂ ಚಿತ್ರವಾಯಿತು. ಗುಬ್ಬಿ ವೀರಣ್ಣನವರು ಅದರಲ್ಲಿದ್ದರು. ಅಂದರೆ ಕನ್ನಡ ಟಾಕಿ ಹುಟ್ಟಿದ ಎರಡು ವರ್ಷದೊಳಗೆ ಒಬ್ಬನೇ ಬರಹಗಾರ ಎರಡು ಥರದಲ್ಲಿ ತೆರೆಗೆ ಬಂದ. ಒಂದಕ್ಕೆ ಕೂತು ಬರೆದುಕೊಟ್ಟ, ಇನ್ನೊಂದಕ್ಕೆ ತನ್ನ ನಾಟಕ ಕೊಟ್ಟ.

ಶಹಾಬಾದಿ ಕಲ್ಲು
ಚಿತ್ರೀಕರಣ ಬೆಂಗಳೂರಿನಲ್ಲೇ ಆಯಿತೇ?

ಕಾಗಿಣಾ ದಂಡೆ
ಇಲ್ಲ, ಕೊಲ್ಲಾಪುರದಲ್ಲಿ. ಛತ್ರಪತಿ ಸಿನೆಟೋನ್ ಸ್ಟುಡಿಯೊ. ಬೆಂಗಳೂರಿಗಿಂತ ಅದು ನಮಗೇ ಹತ್ತಿರ! ಆದರೆ ಆಗ ನಾವು ನಿಜಾಮರ ರಾಜ್ಯದಲ್ಲಿ. ಕನ್ನಡದ ಮೊದಲ ಟಾಕಿ ನಮ್ಮ ಪಕ್ಕದಲ್ಲೇ ತಯಾರಾಗಿ ಅತ್ತ ಮೈಸೂರು ಸೀಮೆಗೆ ಹೋಯಿತು.

ಸುರಪುರದ ಹುಡುಗ
ವೈ.ವಿ. ರಾವ್ ಅಂದರೆ ನಟಿ ಲಕ್ಷ್ಮಿಯವರ ತಂದೆ. ಅವರೇ ಆ ಚಿತ್ರದಲ್ಲಿ ಲಕ್ಷ್ಮಣನ ಪಾತ್ರವನ್ನೂ ಮಾಡಿದ್ದರು.

ತೊಗರಿ ಕಣಜ
ಹೌದಾ! ಇದು ಗೊತ್ತೇ ಇರಲಿಲ್ಲ.

ಹಫ್ತ್ ಗುಂಬಜ್ (ಕಲಬುರಗಿ, ನಿವೃತ್ತ ಉರ್ದು ಮಾಸ್ತರ)
ಮಗಳೇ, ಒಳ್ಳೆಯ ಪ್ರಶ್ನೆ ಕೇಳಿದ್ದೀಯ. ಶಾಸ್ತ್ರಿಗಳನ್ನು ಒಬ್ಬರನ್ನೇ ನಿಲ್ಲಿಸಿ ನೋಡಬೇಡ. ಆ ಕಾಲದಲ್ಲಿ ದೇಶದ ತುಂಬ ಹೀಗೇ ಆಯಿತು.

ಭಾರತದ ಮೊದಲ ಟಾಕಿ 'ಆಲಂ ಆರಾ' 14 ಮಾರ್ಚ್ 1931ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಬಂತು. ಅದು ಜೋಸೆಫ್ ಡೇವಿಡ್ ಅನ್ನುವ ಪಾರ್ಸಿ ರಂಗಭೂಮಿಯ ನಾಟಕಕಾರನ ನಾಟಕ. ಮುಂದೆ ಆತ ಸಿನಿಮಾಕ್ಕೇ ಬರೆಯುತ್ತ ಹೋದ. ಇನ್ನು ಆಗಾ ಹಶ್ರ್ ಕಾಶ್ಮೀರಿ. ಉರ್ದು ನಾಟಕದಲ್ಲಿ ಅವರಷ್ಟು ದೊಡ್ಡ ಹೆಸರು ಆಗ ಇನ್ನೊಂದಿರಲಿಲ್ಲ. ಅವರೂ ಕೊನೆಯ ವರ್ಷಗಳಲ್ಲಿ ಟಾಕಿಗೆ ಬರೆದರು. ಅವರ 'ಯಹೂದಿ ಕಿ ಲಡ್ಕಿ' ನಾಟಕ 1933ರಲ್ಲಿ ಚಿತ್ರವಾಯಿತು. 1935ರಲ್ಲಿ ತೀರಿಕೊಂಡರು.

ನಮ್ಮ ಅಬ್ಬಾ ಆ ನಾಟಕದ ಪುಸ್ತಕ ಜೋರಾಗಿ ಓದುತ್ತಿದ್ದರು. ರಾತ್ರಿ ಊಟ ಆದ ಮೇಲೆ ಅಂಗಳದಲ್ಲಿ ಖಾಟು ಹಾಕಿ ಕಂದೀಲಿನ ಬೆಳಕಿಗೆ ಓದುತ್ತಿದ್ದರು. ರಾಜನ ಮಾತಿಗೆ ಒಂದು ದನಿ, ಮುದುಕನ ಮಾತಿಗೆ ಇನ್ನೊಂದು. ಪಕ್ಕದ ಮನೆಯ ಲಿಂಗಾಯತ ಕಾಕಾ ಗೋಡೆಯ ಆ ಕಡೆಯಿಂದ "ಇನ್ನೊಮ್ಮೆ ಓದ್ರಿ" ಅನ್ನುತ್ತಿದ್ದರು. ಅವರೂ ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲೇ ಕಲಿತವರು.

ನಾಟಕದವರು ಸಿನಿಮಾಕ್ಕೆ ಹೋದರು ಅನ್ನುವುದು ಅರ್ಧ ಮಾತು. ಸಿನಿಮಾಕ್ಕೆ ದನಿ ಬಂದಾಗ ಅದಕ್ಕೆ ಮಾತು ಬೇಕಾಯಿತು. ಮಾತು ಇದ್ದದ್ದು ನಾಟಕದವರ ಹತ್ತಿರ ಮಾತ್ರ.

ಬಿಸಿಲೂರಿನವಳು
ಚಾಚಾ, ಈ ಕೊನೆಯ ಮಾತು ನಾನು ಅಲ್ಲಿ ಹೇಳಬಹುದೇ?

ಹಫ್ತ್ ಗುಂಬಜ್
ಧಾರಾಳವಾಗಿ ಹೇಳು.

ಪೇಟಿ ಪ್ರೇಮಿ (ಆಳಂದ)
@ಕ್ಯಾಮೆರಾ ಕಣ್ಣು ತಮ್ಮಾ, ನೀನು ಕಣ್ಣಿನಿಂದ ನೋಡುತ್ತಿದ್ದೀಯ. ನಾನು ಕಿವಿಯಿಂದ ಹೇಳುತ್ತೇನೆ.

1934ರಲ್ಲಿ ಹಿನ್ನೆಲೆ ಗಾಯನ ಇರಲಿಲ್ಲ. ನಮ್ಮ ದೇಶದಲ್ಲಿ ಅದು ಶುರುವಾದದ್ದು 1935ರಲ್ಲಿ, ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಚಿತ್ರಸಂಸ್ಥೆಯಲ್ಲಿ. ಅದಕ್ಕೂ ಮೊದಲು ನಟ ಕ್ಯಾಮೆರಾ ಮುಂದೆ ನಿಂತು ತಾನೇ ಹಾಡಬೇಕು. ನಡೆಯುತ್ತಲೇ ಹಾಡಬೇಕು, ಅಳುತ್ತಲೇ ಹಾಡಬೇಕು. ತಪ್ಪಿದರೆ ಮತ್ತೆ ಮೊದಲಿಂದ. ಆ ಹಾಡು ಬರೆಯುವವನಿಗೆ ನಟನ ಉಸಿರು ಗೊತ್ತಿರಬೇಕು. ಯಾವ ಅಕ್ಷರದ ಮೇಲೆ ಬಾಯಿ ತೆರೆಯುತ್ತದೆ, ಎಲ್ಲಿ ಉಸಿರು ಮುಗಿಯುತ್ತದೆ, ಎಲ್ಲಿ ಪೇಟಿ ಸ್ವಲ್ಪ ಜಾಗ ತುಂಬಿದರೆ ಹಾಡುವವ ಚೇತರಿಸಿಕೊಳ್ಳುತ್ತಾನೆ. ಇದು ಕಂಪನಿ ನಾಟಕದಲ್ಲಿ ಪಳಗಿದವರಿಗೆ ಮಾತ್ರ ಬರುವ ವಿದ್ಯೆ.

ಮೂವತ್ತು ವರ್ಷ ಊರ ನಾಟಕಗಳಿಗೆ ಪೇಟಿ ನುಡಿಸಿದ್ದೇನೆ. ಹಳೆಯ ರಂಗಗೀತೆ ಹಾಡಿಸುವಾಗ ಹೊಸ ಹುಡುಗರಿಗೂ ಉಸಿರು ಕಟ್ಟುವುದಿಲ್ಲ. ಈಗಿನವರು ಬರೆದದ್ದನ್ನು ಕೂತು ಹಾಡಬಹುದು, ಕುಣಿಯುತ್ತ ಹಾಡಲು ಆಗುವುದಿಲ್ಲ. ಬರೆದವರು ತಾಲೀಮಿನಲ್ಲಿ ಕೂತಿದ್ದರೋ ಇಲ್ಲವೋ ಅನ್ನುವುದು ಮೊದಲ ಸಾಲಿಗೇ ಗೊತ್ತಾಗುತ್ತದೆ.

ಕ್ಯಾಮೆರಾ ಕಣ್ಣು
ಅಣ್ಣಾ, ಈ ಕಡೆಯಿಂದ ನಾನು ಯೋಚಿಸಿರಲಿಲ್ಲ. ಹಾಡಿನ ವಿಷಯ ಒಪ್ಪಿದೆ. ಚಿತ್ರಕಥೆಯ ವಿಷಯ ಇನ್ನೂ ಒಪ್ಪಿಲ್ಲ. ನಾಟಕದಿಂದ ಬಂದು ನಿಜವಾಗಿ ಸಿನಿಮಾದವರಾದವರು ಬೇಕು ಅಂದರೆ ಎಚ್.ಎಲ್.ಎನ್. ಸಿಂಹ ಅವರನ್ನು ನೋಡಿ. ಮಹಮದ್ ಪೀರರ ಚಂದ್ರಕಲಾ ನಾಟಕ ಮಂಡಳಿಗೆ 'ಸಂಸಾರ ನೌಕೆ' ಬರೆದರು. 1936ರಲ್ಲಿ ತಾವೇ ಅದನ್ನು ಚಿತ್ರ ಮಾಡಿದರು. ಕನ್ನಡದ ಮೊದಲ ಸಾಮಾಜಿಕ ಚಿತ್ರ ಅದು. ಬಿ.ಆರ್. ಪಂತುಲು, ಎಂ.ವಿ. ರಾಜಮ್ಮ ತೆರೆಗೆ ಬಂದದ್ದು ಅದರಿಂದಲೇ. ಮುಂದೆ 1954ರಲ್ಲಿ 'ಬೇಡರ ಕಣ್ಣಪ್ಪ' ನಿರ್ದೇಶಿಸಿದರು, ರಾಜಕುಮಾರ್ ಸಿಕ್ಕರು. ಇದು ದಾರಿ ಬದಲಿಸಿದ ಬದುಕು. ಶಾಸ್ತ್ರಿಗಳದು ಹಾಗಲ್ಲ.

ಕಾಗಿಣಾ ದಂಡೆ
ಸಿಂಹ ಅವರು ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು 1904ರಲ್ಲಿ ಹುಟ್ಟಿದವರು. ಶಾಸ್ತ್ರಿಗಳಿಗಿಂತ 22 ವರ್ಷ ಚಿಕ್ಕವರು. ಮೂವತ್ತೆರಡರ ಹುಡುಗ ದಾರಿ ಬದಲಿಸುವುದಕ್ಕೂ ಐವತ್ತೆರಡರ ಹಿರಿಯ ಒಂದು ಹೆಜ್ಜೆ ಇಡುವುದಕ್ಕೂ ಒಂದೇ ತಕ್ಕಡಿ ಹಿಡಿಯಬೇಡಿ. ಮೊದಲಿನವರು ಕಾಲಿಟ್ಟು ನೆಲ ಗಟ್ಟಿಯಿದೆ ಎಂದು ತೋರಿಸಿದರು. ಆಮೇಲೆ ಬಂದವರು ಮನೆ ಕಟ್ಟಿದರು.

ಇನ್ನೊಂದು. 'ಬೇಡರ ಕಣ್ಣಪ್ಪ' ಬರೆದವರು ಜಿ.ವಿ. ಅಯ್ಯರ್. ಅವರೂ ಗುಬ್ಬಿ ಕಂಪನಿಯಿಂದಲೇ ಬಂದವರು. ಇಪ್ಪತ್ತು ವರ್ಷ ಆದರೂ ಕನ್ನಡ ಸಿನಿಮಾ ನಾಟಕದ ಮನೆಯ ಅನ್ನವನ್ನೇ ಉಣ್ಣುತ್ತಿತ್ತು.

ಭೀಮಾ ತೀರ (ಯಾದಗಿರಿ)
ನೀವೆಲ್ಲ ಬೆಂಗಳೂರು, ಮೈಸೂರು ಸೀಮೆಯವರನ್ನೇ ಹೇಳುತ್ತಿದ್ದೀರಿ. ನಮ್ಮ ಕಡೆ ಯಾರ ಹೆಸರು ಇದೆ ಹೇಳಲೇ? ಕಂದಗಲ್ಲ ಹನುಮಂತರಾಯರು. ಅವರ 'ರಕ್ತರಾತ್ರಿ' ನಾಟಕ ಆಡದ ಊರು ನಮ್ಮ ಭಾಗದಲ್ಲಿ ಇದೆಯೇ? ಗದಗಿನ ಗರೂಡ ಸದಾಶಿವರಾಯರ 'ಎಚ್ಚಮನಾಯಕ'? ಇವರು ಟಾಕಿಗೆ ಹೋಗಲಿಲ್ಲ, ಅದಕ್ಕೆ ಸಿನಿಮಾ ದಿನ ಬಂದರೆ ಯಾರೂ ನೆನೆಯುವುದಿಲ್ಲ. ಆದರೆ ನಮ್ಮೂರ ಕುರಿ ಕಾಯುವ ಕಾಕಾನಿಗೆ 'ರಕ್ತರಾತ್ರಿ'ಯ ಶಕುನಿಯ ಮಾತು ಇವತ್ತಿಗೂ ಬಾಯಿಪಾಠ ಇದೆ.

ರಾವಣನ ಮಗ ಇಂದ್ರಜಿತುವಿನ ಹೆಂಡತಿ ಸುಲೋಚನೆಯ ಕತೆಯೂ ನಮಗೆ ಹೊಸದಲ್ಲ. ಇಂದ್ರಜಿತು ಕಾಳಗ ನಮ್ಮ ಬಯಲಾಟದಲ್ಲಿ ಇದೆ. ನಾನು ಆರನೇ ಇಯತ್ತೆಯಲ್ಲಿದ್ದಾಗ ಊರಲ್ಲಿ ಆಡಿದ್ದರು. ಇಂದ್ರಜಿತು ಸತ್ತ ಮೇಲೆ ಅವನ ತುಂಡಾದ ಕೈ ಸುಲೋಚನೆಯ ಅಂಗಳದಲ್ಲಿ ಬೀಳುತ್ತದೆ, ಆ ಕೈಯೇ ಸುದ್ದಿ ಬರೆದು ತಿಳಿಸುತ್ತದೆ. ಆ ಕೈ ನಾನೇ. ಅಟ್ಟದ ಮೇಲೆ ಒಂದು ಹೊರಸು ಇಟ್ಟು, ಸುತ್ತ ಸೀರೆ ಕಟ್ಟಿ, ನನ್ನನ್ನು ಅದರ ಕೆಳಗೆ ಮಲಗಿಸಿದ್ದರು. ಹೊರಸಿನ ನುಲಿ ಸರಿಸಿ ಕೈ ಮೇಲೆ ಹಾಕಬೇಕು. ಮೊಣಕೈ ತನಕ ಕುಂಕುಮದ ನೀರು ಬಳಿದಿದ್ದರು. ಪಕ್ಕದಲ್ಲಿ ಪಾಟಿ, ಬೆರಳಲ್ಲಿ ಬಳಪ. ಏನೂ ಕಾಣುವುದಿಲ್ಲ, ಪಾಟಿಯ ಅಂಚು ಮುಟ್ಟಿಕೊಂಡು ಬರೆಯಬೇಕು. ಸುಲೋಚನೆ ಪಾತ್ರ ಮಾಡಿದ್ದ ಅಣ್ಣ ನನ್ನ ಬೆರಳು ಹಿಡಿದು ಹಾಡು ಎತ್ತಿದ. ಅವನ ಕಣ್ಣೀರು ನನ್ನ ಅಂಗೈ ಮೇಲೆ ಬಿತ್ತು. ಬಿಸಿ ಇತ್ತು. ಕೆಳಗೆ ಕೂತ ಹೆಣ್ಣುಮಕ್ಕಳು ಬಿಕ್ಕುವುದು ಹೊರಸಿನ ಕೆಳಗೂ ಕೇಳಿಸಿತು.

ಶಾಸ್ತ್ರಿಗಳು ಮೊದಲ ಟಾಕಿಗೆ ಆ ಕತೆ ಬರೆದರು ಎಂದು ಇವತ್ತು ಓದಿ ನನ್ನ ಕೈ ನೋಡಿಕೊಂಡೆ.

ಬಿದ್ರಿ ಹೂಜಿ
ಓದಿ ಮೈ ಜುಂ ಅಂತು ಅಣ್ಣಾ.

ಸುರಪುರದ ಹುಡುಗ
ಮಾರ್ಚ್ 3ಕ್ಕೆ ಇವರನ್ನೇ ಕರೆಸಿ ಮಾತಾಡಿಸಿ!

ಶಹಾಬಾದಿ ಕಲ್ಲು
ಕಾರ್ಯಕ್ರಮ ಎಲ್ಲಿ? ಪಂಡಿತ ರಂಗಮಂದಿರದಲ್ಲೇ?

ಬಿಸಿಲೂರಿನವಳು
ಅಷ್ಟು ದೊಡ್ಡದಲ್ಲ. ನಮ್ಮ ಓಣಿಯ ಸಮುದಾಯ ಭವನದಲ್ಲಿ.

ತೊಗರಿ ಕಣಜ
ಪಂಡಿತ ರಂಗಮಂದಿರ ಅಂದಾಗ ನೆನಪಾಯಿತು. ಎಸ್.ಎಂ. ಪಂಡಿತರು ನಮ್ಮ ಕಲಬುರಗಿಯವರೇ. ಮುಂಬಯಿಯಲ್ಲಿ ಹಿಂದಿ ಸಿನಿಮಾಗಳಿಗೆ ಪೋಸ್ಟರು ಬರೆದವರು. ಸಿನಿಮಾದಲ್ಲಿ ನಮ್ಮವರು ಯಾರೂ ಇಲ್ಲ ಅನ್ನಬೇಡಿ. ನಮ್ಮ ಮನೆಯಲ್ಲಿ ಅವರ ಚಿತ್ರದ ಒಂದು ಹಳೆಯ ಕ್ಯಾಲೆಂಡರ್ ಇತ್ತು. ವರ್ಷ ಮುಗಿದರೂ ಅವ್ವ ಅದನ್ನು ಗೋಡೆಯಿಂದ ಇಳಿಸಲಿಲ್ಲ.

ಭೀಮಾ ತೀರ
ಅದೂ ಸರಿಯೇ. ಆದರೆ ನಾನು ಹೇಳಿದ್ದು ಬರಹಗಾರರ ಬಗ್ಗೆ.

ಕ್ಯಾಮೆರಾ ಕಣ್ಣು
@ಭೀಮಾ ತೀರ ನೀವು ಬರೆದದ್ದು ಓದಿದ ಮೇಲೆ ನನ್ನ ವಾದ ನನಗೇ ಸಪ್ಪೆ ಅನಿಸಿತು. ಪಾಟಿಯ ಮೇಲೆ ಕೈ ಬರೆಯುವುದು, ಮಾತಿಲ್ಲದೆ ಸುದ್ದಿ ತಿಳಿಯುವುದು, ಇದು ಸಿನಿಮಾ ಕೇಳುವಂಥ ಜಾಗ. ಇಂಥ ಜಾಗ ಇರುವ ಕತೆಯಿಂದ ಅವರು ಶುರು ಮಾಡಿದ್ದು ಸುಮ್ನೆ ಅಲ್ಲ ಅನಿಸುತ್ತದೆ. ಚಿತ್ರಸಾಹಿತಿ ಅನ್ನಿ, ನನ್ನ ತಕರಾರು ಇಲ್ಲ.

ಪ್ರತಿ ಉಳಿಯದ್ದಕ್ಕೆ ಮಾತ್ರ ತುಂಬ ಸಂಕಟ ಆಗುತ್ತದೆ. ಆಗಿನ ಫಿಲ್ಮು ನೈಟ್ರೇಟಿನದು. ಬೇಗ ಬೆಂಕಿ ಹಿಡಿಯುತ್ತಿತ್ತು, ಇಟ್ಟಲ್ಲೇ ಕರಗಿ ಅಂಟಾಗುತ್ತಿತ್ತು. ಅದರೊಳಗಿನ ಬೆಳ್ಳಿಗಾಗಿ ಹಳೆಯ ಸುರುಳಿ ಮಾರಿದವರೂ ಇದ್ದರು. ಪುಣೆಯ ಫಿಲ್ಮ್ ಆರ್ಕೈವ್ ಶುರುವಾದದ್ದು 1964ರಲ್ಲಿ. 'ಸತಿ ಸುಲೋಚನ' ಬಂದು 30 ವರ್ಷ ಆದ ಮೇಲೆ. 'ಆಲಂ ಆರಾ'ದ ಗತಿಯೂ ಇದೇ.

ಪೇಟಿ ಪ್ರೇಮಿ
ಸಿನಿಮಾ ಹೋಯಿತು, ನಾಟಕ ಉಳಿಯಿತು. 'ಸದಾರಮೆ' ಇವತ್ತಿಗೂ ಆಡುತ್ತಾರೆ. ಗುಬ್ಬಿ ವೀರಣ್ಣನವರು ಮಾಡುತ್ತಿದ್ದ ಕಳ್ಳನ ಪಾತ್ರವನ್ನು ಅವರ ಮೊಮ್ಮಗಳು ಬಿ. ಜಯಶ್ರೀ ಮಾಡಿದ್ದಾರೆ. ಅಜ್ಜನ ಪಾತ್ರ, ಮೊಮ್ಮಗಳ ಮೈಯಲ್ಲಿ. ಅಕ್ಕಾ, ನೀನು ತೋರಿಸಲು ಏನೂ ಇಲ್ಲ ಅನ್ನುತ್ತೀಯಲ್ಲ, ಕೈಯಲ್ಲಿ ನೋಟುಬುಕ್ಕು ಇದೆ. ಹಾಡಿಸು!

ಬಿದ್ರಿ ಹೂಜಿ
ನೋಟುಬುಕ್ಕು ಯಾರ ಕೈಗೂ ಕೊಡಬೇಡಿ ಅಕ್ಕಾ. ನಮ್ಮ ತಾತನ ಸಣ್ಣಾಟದ ಪದಗಳ ಪುಸ್ತಕ ಒಬ್ಬರು ಝೆರಾಕ್ಸ್ ಮಾಡಿ ಕೊಡುತ್ತೇನೆ ಎಂದು ಒಯ್ದರು. ಹನ್ನೊಂದು ವರ್ಷ ಆಯಿತು. ಕೇಳಿದಾಗಲೆಲ್ಲ ಹುಡುಕುತ್ತೇನೆ ಅನ್ನುತ್ತಾರೆ. ಅವ್ವ ಈಗಲೂ ಆ ಪುಸ್ತಕದ ಹೆಸರು ತೆಗೆದರೆ ಅಳುತ್ತಾಳೆ. ಫೋನಿನಲ್ಲಿ ಒಂದೊಂದು ಹಾಳೆ ಫೋಟೊ ತೆಗೆದು ಇಟ್ಟುಕೊಳ್ಳಿ.

ಬಿಸಿಲೂರಿನವಳು
ಇವತ್ತೇ ಕೂತು ತೆಗೆದೆ. 64 ಹಾಳೆ. ಗುರುತು ಇರುವ ಒಂದು ಹಾಳೆಯ ಫೋಟೊ ಇಲ್ಲಿ ಹಾಕಿದ್ದೇನೆ. ಹಾಳೆ ಕಂದು ಬಣ್ಣಕ್ಕೆ ತಿರುಗಿದೆ, ಆದರೂ ಪೆನ್ಸಿಲ್ಲು ಕಾಣುತ್ತದೆ. ಹಾಡಿನ ತಲೆಯ ಮೇಲೂ ಏನೋ ಗೀಚಿದ್ದಾರೆ.

ಪೇಟಿ ಪ್ರೇಮಿ
ತಾಳದ ಗುರುತು ಅಲ್ಲವೇ ಅಲ್ಲ. ತಾಳಕ್ಕೆ ನಾವು ಹೀಗೆ ಹಾಕುವುದಿಲ್ಲ.

ಸುರಪುರದ ಹುಡುಗ
ಹಳೆಯ ಮರಾಠಿ ಬರವಣಿಗೆಯ ಮೋಡಿ ಅಕ್ಷರ ಇರಬಹುದೇ?

ಹಫ್ತ್ ಗುಂಬಜ್
ಮಗಳೇ, ಫೋಟೊ ದೊಡ್ಡದು ಮಾಡಿ ನೋಡಿದೆ. ಇದು ಉರ್ದು. ನಿಮ್ಮ ಮುತ್ಯಾ ಉರ್ದು ಶಾಲೆಯಲ್ಲಿ ಕಲಿತವರು ಇರಬೇಕು. ಕೈ ಚೆನ್ನಾಗಿ ಪಳಗಿದೆ.

ಹಾಡಿನ ತಲೆಯ ಮೇಲೆ 'ತರ್ಜ್' ಎಂದಿದೆ. ಕನ್ನಡ ನಾಟಕದ ಪುಸ್ತಕಗಳಲ್ಲಿ ಮಟ್ಟು ಎಂದು ಹಾಕುತ್ತಾರಲ್ಲ, ಹಾಡಿನ ಧಾಟಿ, ಅದೇ. ಅದರ ಮುಂದೆ 'ಭೈರವಿ' ಎಂದು ಇದೆ.

ಸಾಲುಗಳ ನಡುವಿನ ಗುರುತು ಬಲದಿಂದ ಎಡಕ್ಕೆ ಓದಬೇಕು. ಕೊಂಡಿ ಅಂದದ್ದು 'ದಾಲ್'. ಗುಂಡು, ಕೆಳಗಿಳಿದ ಗೆರೆ ಅಂದದ್ದು 'ಮೀಮ್'. ಎರಡೂ ಸೇರಿದರೆ 'ದಮ್'. ದಮ್ ಅಂದರೆ ಉಸಿರು. ಇಲ್ಲಿ ಉಸಿರು ತಗೋ ಎಂದು ಹಾಡುವವರಿಗೆ ಹಾಕಿಕೊಟ್ಟಿದ್ದಾರೆ.

ಪೇಟಿ ಪ್ರೇಮಿ
ಯಾ ಅಲ್ಲಾ, ಶಿವ ಶಿವಾ! ಎರಡು ದಿನದ ಹಿಂದೆ ನಾನು ಉಸಿರಿನ ಬಗ್ಗೆಯೇ ಬರೆದೆ ಅಲ್ವಾ?

ಅಕ್ಕಾ, ಆ ಹಾಳೆ ಎದುರಿಗಿಟ್ಟುಕೊಂಡು ಈಗ ಪೇಟಿ ಹಿಡಿದು ನೋಡಿದೆ. 'ದಮ್' ಇರುವಲ್ಲೆಲ್ಲ ಸಾಲು ತಾನಾಗಿ ನಿಲ್ಲುತ್ತದೆ. ಮೂರನೇ ಸಾಲಿನಲ್ಲಿ ಮಾತ್ರ ಎರಡು ಕಡೆ ಹಾಕಿದ್ದಾರೆ. ಅಲ್ಲಿ ಹಾಡುವವ ನಡೆಯುತ್ತಿರಬೇಕು, ಇಲ್ಲವಾದರೆ ಎರಡು ಬೇಕಾಗುವುದಿಲ್ಲ.

ಬಿಸಿಲೂರಿನವಳು
ಅಪ್ಪನಿಗೆ ಓದಿ ಹೇಳಿದೆ. ಮುತ್ಯಾ ಉರ್ದು ಬರೆಯುತ್ತಿದ್ದರು ಎಂದು ಅವರಿಗೂ ಗೊತ್ತಿರಲಿಲ್ಲ. ನೋಟುಬುಕ್ಕು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಬೆರಳಿಟ್ಟು ಒಂದೊಂದೇ 'ದಮ್' ಎಣಿಸುತ್ತ ಕೂತಿದ್ದರು.

ಚಾಚಾ, ಮಾರ್ಚ್ 3ಕ್ಕೆ ನೀವು ಬರಲೇಬೇಕು. ಭೀಮಾ ತೀರದ ಅಣ್ಣ, ಯಾದಗಿರಿಯಿಂದ ರೈಲು ಇದೆ, ನೀವೂ ಬನ್ನಿ. ಪೇಟಿ ಅಣ್ಣಾ, ಹಾಡುವವಳು ಹತ್ತನೇ ತರಗತಿಯ ಹುಡುಗಿ. ಯಾವ ಸುರದಲ್ಲಿ ಇಟ್ಟುಕೊಳ್ಳೋಣ?

ಪೇಟಿ ಪ್ರೇಮಿ
ಮೊದಲು ಅವಳ ದನಿ ಕೇಳಬೇಕು. ಭಾನುವಾರ ಮುಂಜಾನೆ ಆಳಂದದಿಂದ ಮೊದಲ ಬಸ್ಸು ಹಿಡಿಯುತ್ತೇನೆ, ಪೇಟಿ ನಾನೇ ತರುತ್ತೇನೆ. ಹುಡುಗಿಗೆ ಹೇಳು, ಮೂರನೇ ಸಾಲು ನಡೆಯುತ್ತಲೇ ಹಾಡಿ ರೂಢಿ ಮಾಡಿಕೊಳ್ಳಲಿ.